ಬೇರಿಗೂ ಉಸಿರು ಬೇಕು

ನನ್ನ ಮೊದಲ ಗಿಡ ನೀರಿಲ್ಲದೆ ಸಾಯಲಿಲ್ಲ. ನೀರು ಕುಡಿದು ಕುಡಿದೇ ಸತ್ತಿತು. ಕುಡಿಸಿದ್ದು ನಾನೇ.

ಟೊಮೆಟೊ ಸಸಿ ಅದು, ಒಂದು ಗೇಣು ಎತ್ತರ. ನೆಟ್ಟ ನಾಲ್ಕನೇ ದಿನ ಮಧ್ಯಾಹ್ನ ಎಲೆಗಳು ಜೋತುಬಿದ್ದವು. ಪಾಪ, ಬಾಯಾರಿದೆ ಅಂದುಕೊಂಡು ಒಂದು ಚೊಂಬು ನೀರು ಹಾಕಿದೆ. ಮರುದಿನ ಇನ್ನಷ್ಟು ಜೋತಿತು, ಇನ್ನೊಂದು ಚೊಂಬು. ಬೆಳಿಗ್ಗೆ ಎದ್ದವನೇ ಹಲ್ಲುಜ್ಜುವುದಕ್ಕೂ ಮೊದಲು ಒಂದು, ರಾತ್ರಿ ಮಲಗುವ ಮುಂಚೆ ಒಂದು. ಹೀಗೆ ಎಂಟು ಹತ್ತು ದಿನ ನಡೆಯಿತು. ಕೆಳಗಿನ ಎಲೆಗಳು ಹಳದಿಯಾದವು, ಆಮೇಲೆ ಕಾಂಡದ ಬುಡ ಕಪ್ಪಿಟ್ಟಿತು. ಕೊನೆಗೆ ಏನಾಗಿದೆ ನೋಡೋಣ ಎಂದು ಕಾಂಡ ಹಿಡಿದು ಮೆಲ್ಲಗೆ ಎಳೆದರೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಡೀ ಗಿಡ ಕೈಗೆ ಬಂತು. ಆಗಲೇ ಗೊತ್ತಾಗಿದ್ದು, ಅದು ಮಣ್ಣನ್ನು ಹಿಡಿದುಕೊಂಡೇ ಇರಲಿಲ್ಲ ಎಂದು.

ಬೇರು ಬೆಳ್ಳಗಿರಬೇಕಂತೆ. ಇಲ್ಲಿ ಇದ್ದಿದ್ದು ಚಹಾ ಬಣ್ಣದ ನಾಲ್ಕೈದು ಎಳೆ. ಒಂದನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿದೆ. ಮೇಲಿನ ಸಿಪ್ಪೆ ಕಾಲುಚೀಲ ಕಳಚಿದ ಹಾಗೆ ಜಾರಿ ಬಂದು, ಒಳಗಿನ ನಾರು ಮಾತ್ರ ದಾರದಂತೆ ಉಳಿಯಿತು. ಮೂಗಿಗೆ ಹಿಡಿದರೆ ಚರಂಡಿಯ ವಾಸನೆ. ಅಷ್ಟು ದಿನ ನಾನು ನೋಡುತ್ತಿದ್ದದ್ದು ಎಲೆಯನ್ನು. ಕಥೆ ನಡೆಯುತ್ತಿದ್ದದ್ದು ಕೆಳಗೆ.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

"ಎಷ್ಟು ನೀರು ಹಾಕ್ತಿದ್ದೆ?"

"ದಿನಾ ಎರಡು ಹೊತ್ತು."

"ಗಿಡ ಕೇಳ್ತಾ?"

ನನ್ನ ಬಳಿ ಉತ್ತರ ಇರಲಿಲ್ಲ. "ಅದಕ್ಕೇನು ಊಟಾನಾ, ಹೊತ್ತು ಹೊತ್ತಿಗೆ ಬಡಿಸೋಕೆ? ಮಣ್ಣಿಗೆ ಬೆರಳಿಟ್ಟು ನೋಡೋ. ಒಣಗಿದ್ರೆ ಹಾಕು, ಒದ್ದೆ ಇದ್ರೆ ಸುಮ್ನಿರು," ಅಂದಳು. ಆಮೇಲೆ ಮಾತು ಬೇರೆಲ್ಲಿಗೋ ಹೋಯಿತು. ಅವಳ ಮಟ್ಟಿಗೆ ವಿಷಯ ಅಲ್ಲಿಗೇ ಮುಗಿದಿತ್ತು. ನನಗೆ ಮಾತ್ರ ಅದು ಅರ್ಥವಾಗಲು ಒಂದು ವರ್ಷ ಹಿಡಿಯಿತು.

ಬೇರು ನೀರು ಹೀರುತ್ತದೆ ಅನ್ನುವುದು ಶಾಲೆಯಲ್ಲೇ ಕಲಿತದ್ದು. ಬೇರು ಉಸಿರಾಡುತ್ತದೆ ಅನ್ನುವುದನ್ನೂ ಕಲಿಸಿಯೇ ಇರುತ್ತಾರೆ, ನನ್ನ ತಲೆಯಲ್ಲಿ ಉಳಿದಿರಲಿಲ್ಲ. ಒಳ್ಳೆಯ ಮಣ್ಣಿನಲ್ಲಿ ಸುಮಾರು ಅರ್ಧ ಭಾಗ ಮಾತ್ರ ಗಟ್ಟಿ ಪದಾರ್ಥ, ಉಳಿದರ್ಧ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಒಂದಿಷ್ಟು ನೀರು, ಒಂದಿಷ್ಟು ಗಾಳಿ ಇರಬೇಕು. ಬೇರು ಆ ಗಾಳಿಯ ಆಮ್ಲಜನಕವನ್ನು ಎಳೆದುಕೊಂಡು ಕೆಲಸ ಮಾಡುತ್ತದೆ. ದಿನಕ್ಕೆ ಎರಡು ಸಲ ನೀರು ಸುರಿದಾಗ ಗಾಳಿಯ ಜಾಗವೆಲ್ಲ ನೀರಿನ ಪಾಲಾಗುತ್ತದೆ. ಉಸಿರು ಕಟ್ಟಿದ ಬೇರು ಸುಸ್ತಾಗುತ್ತದೆ, ಆ ಸುಸ್ತಿಗೇ ಕಾದಿರುವ ಕೊಳೆರೋಗ ಒಳಗೆ ನುಗ್ಗುತ್ತದೆ. ಸತ್ತ ಬೇರಿಗೆ ನೀರು ಎತ್ತುವ ತ್ರಾಣ ಇಲ್ಲ. ಹಾಗಾಗಿ ಕುಂಡದ ತುಂಬ ನೀರಿದ್ದರೂ ಮೇಲಿನ ಎಲೆ ಬಾಯಾರಿ ಜೋತುಬೀಳುತ್ತದೆ. ಹೊಸಬರು ಬೀಳುವ ಗುಂಡಿ ಇದೇ. ನೀರು ಕಡಿಮೆಯಾದರೂ ಎಲೆ ಜೋಲುತ್ತದೆ, ಹೆಚ್ಚಾದರೂ ಎಲೆ ಜೋಲುತ್ತದೆ. ಎರಡಕ್ಕೂ ಮುಖ ಒಂದೇ. ಮುಖ ನೋಡಿ ಮದ್ದು ಕೊಡುವವನು ಕೊಲ್ಲುತ್ತಾನೆ.

ಅಂದಿನಿಂದ ತೋರುಬೆರಳನ್ನು ಎರಡು ಗೆಣ್ಣಿನ ತನಕ ಮಣ್ಣಿಗಿಳಿಸುವುದು ರೂಢಿಯಾಯಿತು. ಮೇಲ್ಮಣ್ಣು ಒಣಗಿ ಬೆಳ್ಳಗೆ ಕಂಡರೂ ಒಳಗೆ ಎಷ್ಟೋ ಸಲ ತಂಪು ಇರುತ್ತದೆ. ಬೆರಳಿಗೆ ಮಣ್ಣು ಮೆತ್ತಿಕೊಂಡು ಬಂದರೆ ನೀರು ಬೇಡ, ಪುಡಿಪುಡಿಯಾಗಿ ಉದುರಿದರೆ ಬೇಕು. ಸಣ್ಣ ಕುಂಡವಾದರೆ ಅದಕ್ಕಿಂತ ಸುಲಭದ ಉಪಾಯವಿದೆ, ಎತ್ತಿ ನೋಡುವುದು. ನೀರು ಹಾಕಿದ ಕೂಡಲೇ ಒಮ್ಮೆ, ಎರಡು ದಿನ ಬಿಟ್ಟು ಒಮ್ಮೆ ಎತ್ತಿದರೆ ಸಾಕು, ತೂಕ ಕೈಗೆ ನೆನಪಿರುತ್ತದೆ. ಹಾಕುವಾಗ ಮಾತ್ರ ಜಿಪುಣತನ ಮಾಡಬಾರದು. ತಳದ ತೂತಿನಿಂದ ನೀರು ಹೊರಬರುವಷ್ಟು ಹಾಕಬೇಕು, ಆಮೇಲೆ ಅಡಿಯ ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ದಿನಾ ಒಂದೊಂದು ಗುಟುಕು ಹನಿಸಿದರೆ ಮೇಲಿನ ಒಂದಂಗುಲ ಮಾತ್ರ ನೆನೆದು, ಬೇರು ಕೆಳಗಿಳಿಯುವ ಗೋಜಿಗೇ ಹೋಗುವುದಿಲ್ಲ.

ಎರಡನೇ ಸಲ ಸಸಿ ತರಲಿಲ್ಲ, ಬೀಜದಿಂದಲೇ ಮಾಡುತ್ತೇನೆ ಎಂದು ಹಟ ಹಿಡಿದೆ. ಕಿಟಕಿಯ ಪಕ್ಕ ಒಂದು ಟ್ರೇ, ಅದರಲ್ಲಿ ಹನ್ನೆರಡು ಟೊಮೆಟೊ ಬೀಜ. ಆರನೇ ದಿನ ಮಣ್ಣು ಬಿರಿದು ಮೊಳಕೆ ಬಂತು. ಹತ್ತನೇ ದಿನಕ್ಕೆ ಸಸಿಗಳು ನೂಲಿನ ಹಾಗೆ ಉದ್ದುದ್ದ ಎದ್ದು ನಿಂತವು. ನಾನು ಉಬ್ಬಿಹೋದೆ. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎಂದು ಮನೆಯವರಿಗೆಲ್ಲ ಕರೆದು ತೋರಿಸಿದೆ. ಹನ್ನೆರಡನೇ ದಿನ ಅರ್ಧಕ್ಕರ್ಧ ಸಸಿಗಳು ಸೊಂಟ ಮುರಿದುಕೊಂಡು ಮಲಗಿದವು.

ಗಾದೆಯ ತಪ್ಪಲ್ಲ. ನಾನು ಬೆಳವಣಿಗೆ ಅಂದುಕೊಂಡದ್ದು ಹಸಿವು. ಬೆಳಕು ಸಾಲದಾದಾಗ ಸಸಿ ತನ್ನಲ್ಲಿರುವ ಬಂಡವಾಳವನ್ನೆಲ್ಲ ಕಾಂಡ ಉದ್ದ ಮಾಡುವುದಕ್ಕೇ ಸುರಿಯುತ್ತದೆ. ಎಲ್ಲಾದರೂ ಮೇಲೆ ಬಿಸಿಲು ಸಿಕ್ಕೀತು ಅನ್ನುವ ಆಸೆ ಅದಕ್ಕೆ. ಕಾಂಡ ದಪ್ಪವಾಗಲು, ಎಲೆ ಅಗಲವಾಗಲು ಏನೂ ಉಳಿಯುವುದಿಲ್ಲ. ನಮ್ಮ ಕಣ್ಣಿಗೆ ಕಿಟಕಿಯ ಬೆಳಕು ಧಾರಾಳವಾಗಿ ಕಾಣುತ್ತದೆ, ಏಕೆಂದರೆ ಮಂದ ಬೆಳಕಿಗೆ ಕಣ್ಣು ಹೊಂದಿಕೊಂಡುಬಿಡುತ್ತದೆ. ಗಿಡಕ್ಕೆ ಆ ಸೌಲಭ್ಯ ಇಲ್ಲ.

ಹಾಗಾಗಿ ಯಾರಾದರೂ ಕೈತೋಟ ಶುರು ಮಾಡುತ್ತೇನೆ, ಏನು ಕೊಳ್ಳಬೇಕು ಎಂದು ಕೇಳಿದರೆ, ಒಂದು ವಾರ ಏನೂ ಕೊಳ್ಳಬೇಡಿ ಅನ್ನುತ್ತೇನೆ. ರಜೆಯ ದಿನ ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಮೂರಕ್ಕೆ, ಐದಕ್ಕೆ ಬಾಲ್ಕನಿಯಲ್ಲೋ ಅಂಗಳದಲ್ಲೋ ನಿಂತು ಬಿಸಿಲು ಎಲ್ಲಿ ಬಿದ್ದಿದೆ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಟೊಮೆಟೊ, ಮೆಣಸಿನಕಾಯಿ, ಬದನೆಗೆ ದಿನಕ್ಕೆ ಆರರಿಂದ ಎಂಟು ಗಂಟೆ ನೇರ ಬಿಸಿಲು ಬೇಕು. ಸೊಪ್ಪಿಗೆ ಮೂರು ನಾಲ್ಕು ಗಂಟೆ ಇದ್ದರೂ ನಡೆಯುತ್ತದೆ. ಪುದೀನ ಅರೆನೆರಳಲ್ಲೂ ದಂಡಿಯಾಗಿ ಹಬ್ಬುತ್ತದೆ. ಸೂರ್ಯ ವರ್ಷವಿಡೀ ಒಂದೇ ದಾರಿಯಲ್ಲಿ ಹೋಗುವವನಲ್ಲ, ಆರು ತಿಂಗಳಲ್ಲಿ ಗುರುತು ಗೋಡೆಯ ಆ ಕಡೆಗೆ ಸರಿದಿರುತ್ತದೆ. ನನ್ನ ಮನೆಯ ಮೂಲೆಯೊಂದು ಮೊದಲು ಆರು ಗಂಟೆ ಬಿಸಿಲು ಕಾಣುತ್ತಿತ್ತು, ನಾಲ್ಕು ತಿಂಗಳು ಕಳೆಯುವುದರೊಳಗೆ ಎರಡು ಗಂಟೆಗೆ ಇಳಿಯಿತು. ಅಲ್ಲಿದ್ದ ಮೆಣಸಿನ ಗಿಡ ಹೂ ಬಿಡುವುದನ್ನು ನಿಲ್ಲಿಸಿತು. ನಾನು ಗೊಬ್ಬರ ಸಾಲದು ಅಂದುಕೊಂಡೆ.

ಸೊಂಟ ಮುರಿಯದೆ ಉಳಿದ ಐದು ಉದ್ದ ಸಸಿಗಳನ್ನು ಎಸೆಯಲಿಲ್ಲ. ಟೊಮೆಟೊ ಕಾಂಡಕ್ಕೆ ಒಂದು ಗುಣವಿದೆ. ಮಣ್ಣು ತಾಗಿದ ಕಡೆಯಲ್ಲೆಲ್ಲ ಬೇರು ಬಿಡಬಲ್ಲದು. ಹೊಸ ಕುಂಡಕ್ಕೆ ಬದಲಿಸುವಾಗ ಮೇಲಿನ ಎರಡು ಜೊತೆ ಎಲೆ ಮಾತ್ರ ಹೊರಗಿರುವಂತೆ ಕುತ್ತಿಗೆಯವರೆಗೆ ಹೂತೆ. ಮೂರು ವಾರದಲ್ಲಿ ಗಟ್ಟಿಯಾಗಿ ನಿಂತವು. ಇದೇ ವಿದ್ಯೆಯನ್ನು ಕೊತ್ತಂಬರಿಗೂ ಮಾಡಲು ಹೋಗಿ ಕೈ ಸುಟ್ಟುಕೊಂಡೆ. ಅದರದ್ದು ನೆಟ್ಟಗೆ ಕೆಳಗಿಳಿಯುವ ತಾಯಿಬೇರು, ಕಿತ್ತು ಬೇರೆ ಕಡೆ ನೆಟ್ಟರೆ ಮುನಿಸಿಕೊಳ್ಳುತ್ತದೆ. ಅದನ್ನು ಎಲ್ಲಿ ಬೆಳೆಯಬೇಕೋ ಅಲ್ಲೇ ಬಿತ್ತಬೇಕು.

ಕೊತ್ತಂಬರಿಯ ವಿಷಯ ಬಂತಲ್ಲ, ಅದರ ಬೀಜ ನಮ್ಮ ಕಣ್ಣಿಗೆ ಬೀಜ, ಗಿಡದ ಲೆಕ್ಕದಲ್ಲಿ ಹಣ್ಣು. ಒಳಗೆ ಎರಡು ಬೀಜ ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತವೆ. ಅಂಗೈಯಲ್ಲಿ ಹಾಕಿ ಚಪ್ಪಲಿಯಿಂದಲೋ ಲಟ್ಟಣಿಗೆಯಿಂದಲೋ ಹಗುರವಾಗಿ ಒತ್ತಿ ಇಬ್ಭಾಗ ಮಾಡಬೇಕು (ಅಂಗೈಯಲ್ಲಲ್ಲ, ನೆಲದ ಮೇಲೆ ಹಾಕಿ, ನನ್ನ ಹಾಗೆ ಪೆಟ್ಟು ಮಾಡಿಕೊಳ್ಳಬೇಡಿ). ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಬಿತ್ತಿದರೆ ಒಂದರಿಂದ ಮೂರು ವಾರದೊಳಗೆ ಹುಟ್ಟುತ್ತದೆ. ಮೂರು ವಾರ ಅನ್ನುವುದು ಬರೆಯಲು ಸಣ್ಣ ಮಾತು. ಎಂಟನೇ ದಿನ ನಾನು ಕಡ್ಡಿಯಿಂದ ಮಣ್ಣು ಕೆದಕಿ ನೋಡಿದೆ. ಒಂಬತ್ತನೇ ದಿನ ಇನ್ನೊಂದು ಮೂಲೆ. ಹತ್ತನೇ ದಿನ ಕೆದಕಿದಾಗ ಬೆಳ್ಳನೆಯ ಒಂದು ಎಳೆ ಕಡ್ಡಿಗೆ ಸಿಕ್ಕಿ ತುಂಡಾಯಿತು. ಅದು ಅದಾಗಲೇ ಕೆಳಗಿಳಿಯುತ್ತಿದ್ದ ಬೇರು. ಮೊದಲು ಇಳಿಯುವುದು ಬೇರು, ಆಮೇಲೆ ಮೇಲೆ ಬರುವುದು ಕುಡಿ. ಮೇಲೆ ಏನೂ ಕಾಣುತ್ತಿಲ್ಲ ಅನ್ನುವ ದಿನಗಳಲ್ಲೇ ಕೆಳಗೆ ಕೆಲಸ ಜೋರಾಗಿರುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಬೀನ್ಸ್ ಬೀಜಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ. ಒಂದನ್ನು ಗಾಜಿನ ಲೋಟದ ಅಂಚಿಗೆ ಒತ್ತಿ, ಒಳಗೆ ಒದ್ದೆ ಕಾಗದ ತುರುಕಿಟ್ಟೆ. ಮೂರನೇ ದಿನ ಸಿಪ್ಪೆ ಸುಕ್ಕಾಗಿ ಬಿರಿದು ಬೇರಿನ ತುದಿ ಇಣುಕಿತು. ಲೋಟವನ್ನು ಅಡ್ಡ ಮಲಗಿಸಿದರೆ ಮರುದಿನ ಅದು ಮತ್ತೆ ಕೆಳಮುಖಕ್ಕೆ ತಿರುಗಿಕೊಂಡಿತ್ತು. ಮಣ್ಣಲ್ಲಿ ಬಿತ್ತಿದ್ದರದ್ದು ಇನ್ನೂ ಸೊಗಸು. ಕುಡಿ ತಲೆಯೆತ್ತಿ ನೇರವಾಗಿ ಬರುವುದಿಲ್ಲ, ಕೊಕ್ಕೆಯಂತೆ ಬಾಗಿ ಬೆನ್ನಿನಿಂದ ಮಣ್ಣನ್ನು ದೂಡುತ್ತದೆ. ಎಳೆಯ ತುದಿಗೆ ಗೀರು ಬೀಳದಿರಲಿ ಅಂತ. ಹೊರಗೆ ಬಂದು ಬೆಳಕು ಕಂಡ ಮೇಲೆ ಬೆನ್ನು ನೆಟ್ಟಗೆ ಮಾಡಿ, ಎರಡು ದಪ್ಪ ಬೀಜದೆಲೆಗಳನ್ನು ಬಿಡಿಸುತ್ತದೆ. ಒಂದು ಭಾನುವಾರ ಬೆಳಿಗ್ಗೆ ಕೊಕ್ಕೆ ಕಂಡಿತು. ಸಂಜೆಗೆ ಅರ್ಧ ಎದ್ದಿತ್ತು. ಅವತ್ತು ಇನ್ನೇನೂ ಕೆಲಸ ಮಾಡಿದ ನೆನಪಿಲ್ಲ.

ಆಳದ ಲೆಕ್ಕ ಇಷ್ಟೇ: ಬೀಜದ ದಪ್ಪದ ಎರಡು ಮೂರು ಪಟ್ಟು ಮಣ್ಣು ಮೇಲೆ ಇರಲಿ. ಸಾಸಿವೆಯಷ್ಟು ಸಣ್ಣದನ್ನು ಒಂದಂಗುಲ ಕೆಳಗೆ ಹೂತರೆ ಮೇಲೆ ಬರುವಷ್ಟು ಬುತ್ತಿ ಅದರ ಬಳಿ ಇರುವುದಿಲ್ಲ. ಹಳೆಯ ಬೀಜ ಹುಟ್ಟುತ್ತದೋ ಇಲ್ಲವೋ ಅನುಮಾನವಿದ್ದರೆ ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ, ಎಷ್ಟು ಮೊಳೆತವೋ ಅದೇ ನಿಮ್ಮ ಲೆಕ್ಕ.

ಈಗ ಮಣ್ಣು. ನಾನು ಮಾಡಿದ ದೊಡ್ಡ ಪೆದ್ದುತನಗಳಲ್ಲಿ ಇದು ಎರಡನೆಯದು. ನೆಲದ ಮಣ್ಣನ್ನೇ ಅಗೆದು ತಂದು ಕುಂಡಕ್ಕೆ ತುಂಬಿದೆ. ನೆಲದಲ್ಲಿ ಚೆನ್ನಾಗಿದ್ದ ಮಣ್ಣು ಕುಂಡದಲ್ಲೇಕೆ ಕೆಡುತ್ತದೆ? ನೆಲದಲ್ಲಿ ಎರೆಹುಳು, ಇರುವೆ, ಹಳೆಯ ಬೇರುಗಳ ಜಾಡು ಎಲ್ಲ ಸೇರಿ ಅದನ್ನು ಸಡಿಲವಾಗಿ ಇಟ್ಟಿರುತ್ತವೆ, ನೀರು ಇಳಿದು ಹೋಗಲು ಆಳವೂ ಇರುತ್ತದೆ. ಕುಂಡದಲ್ಲಿ ಅದ್ಯಾವುದೂ ಇಲ್ಲ. ಹತ್ತು ಸಲ ನೀರು ಹಾಕುವುದರೊಳಗೆ ಮಣ್ಣು ಕೂತು ಕೂತು ಇಟ್ಟಿಗೆಯಾಯಿತು, ಒಣಗಿದಾಗ ಅಂಚು ಬಿಟ್ಟುಕೊಂಡು ನೀರೆಲ್ಲ ಆ ಸಂದಿಯಲ್ಲೇ ಜಾರಿ ಹೋಗತೊಡಗಿತು. ಈಗ ಒಂದು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸೇರಿಸುತ್ತೇನೆ. ಜಿಗುಟು ಮಣ್ಣಾದರೆ ಸ್ವಲ್ಪ ದಪ್ಪ ಮರಳು. ಹಿಡಿಯಷ್ಟನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಉಂಡೆಯಾಗಿ ನಿಲ್ಲಬೇಕು, ಹೆಬ್ಬೆರಳಲ್ಲಿ ಮೀಟಿದರೆ ಒಡೆಯಬೇಕು. ಒಡೆಯದಿದ್ದರೆ ಅದರಲ್ಲಿ ಗಾಳಿಗೆ ಜಾಗವಿಲ್ಲ.

ಕುಂಡದ ತಳದಲ್ಲಿ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂದು ಹತ್ತಾರು ಜನ ಹೇಳಿದ್ದರು. ನಾನೂ ಹಾಕಿದ್ದೆ. ಅದು ಉಲ್ಟಾ ಕೆಲಸ ಮಾಡುತ್ತದೆ. ಸಣ್ಣ ಕಣದ ಮಣ್ಣು ನೀರನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, ಪೂರ್ತಿ ತುಂಬಿ ತುಳುಕುವವರೆಗೂ ಕೆಳಗಿನ ಜಲ್ಲಿಗೆ ಬಿಟ್ಟುಕೊಡುವುದಿಲ್ಲ. ಅಂದರೆ ಸದಾ ಜವುಗಾಗಿರುವ ಪದರ ತಳದಲ್ಲಿ ಇರಬೇಕಾದದ್ದು ಜಲ್ಲಿಯ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬಂದು ಕೂರುತ್ತದೆ. ನಂಬಿಕೆ ಬರದಿದ್ದರೆ ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ ಅಡ್ಡಡ್ಡ ಮಟ್ಟವಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನು ಉದ್ದಕ್ಕೆ ನೆಟ್ಟಗೆ ನಿಲ್ಲಿಸಿ. ಹಿಂಡದೆಯೇ ಮತ್ತೆ ನೀರು ಸುರಿಯುತ್ತದೆ. ಅದೇ ಸ್ಪಂಜು, ಅದೇ ನೀರು, ಬದಲಾದದ್ದು ಎತ್ತರ ಮಾತ್ರ. ಅಡಿಗೆ ಮನೆಯಲ್ಲಿ ನಿಂತು ಇದನ್ನು ಮೂರು ಸಲ ಮಾಡಿದೆ. ಆಮೇಲೆ ಜಲ್ಲಿಯನ್ನೆಲ್ಲ ತೆಗೆದು, ತೂತಿನ ಮೇಲೆ ಒಂದು ಹೆಂಚಿನ ಚೂರಷ್ಟೇ ಇಟ್ಟೆ. ಕುಂಡ ಆಳವಾಗಿದ್ದಷ್ಟೂ ಬೇರಿಗೆ ಒಣ ಜಾಗ ಹೆಚ್ಚು ಸಿಗುತ್ತದೆ. ಸೊಪ್ಪಿಗೆ ಆರಂಗುಲ ಸಾಕು, ಟೊಮೆಟೊಗೆ ಒಂದಡಿಯಾದರೂ ಇರಲಿ.

ಗಿಡ ಮಣ್ಣನ್ನು ತಿಂದು ಬೆಳೆಯುತ್ತದೆ ಎಂಬ ಭ್ರಮೆ ನನ್ನಲ್ಲಿ ಬಹಳ ದಿನ ಇತ್ತು. ಅದಕ್ಕೇ ಚಮಚ ಚಮಚ ಗೊಬ್ಬರ ಹಾಕುತ್ತಿದ್ದೆ. ಹದಿನೇಳನೇ ಶತಮಾನದ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಎಂಬ ವೈದ್ಯ ಇದನ್ನು ತೂಕ ಹಾಕಿಯೇ ನೋಡಿದ್ದ. 200 ಪೌಂಡ್ ಒಣಮಣ್ಣನ್ನು, ಅಂದರೆ ಸುಮಾರು 90 ಕಿಲೋ, ಒಂದು ಕುಂಡಕ್ಕೆ ತುಂಬಿ 5 ಪೌಂಡಿನ ವಿಲೋ ಸಸಿ ನೆಟ್ಟು ಐದು ವರ್ಷ ಬರೀ ನೀರು ಹಾಕಿದ. ಮರ 169 ಪೌಂಡ್ ದಾಟಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾದದ್ದು ಬರೀ 2 ಔನ್ಸ್, ಅರವತ್ತು ಗ್ರಾಂ ಕೂಡ ಇಲ್ಲ. ಹಾಗಾದರೆ ಮರ ಬಂದದ್ದು ನೀರಿನಿಂದಲೇ ಎಂದು ತೀರ್ಮಾನಿಸಿದ. ಅವನು ತೀರಿಕೊಂಡ ಮೇಲೆ, 1648ರಲ್ಲಿ, ಈ ಪ್ರಯೋಗ ಅಚ್ಚಾಯಿತು. ಅರ್ಧ ಸರಿ, ಅರ್ಧ ತಪ್ಪು. ಮರದ ಒಣತೂಕದ ಬಹುಪಾಲು ಬರುವುದು ಗಾಳಿಯ ಇಂಗಾಲದ ಡೈಆಕ್ಸೈಡ್‌ನಿಂದ ಎಂಬುದು ಅವನಿಗೆ ಗೊತ್ತಾಗುವ ಕಾಲ ಅದಾಗಿರಲಿಲ್ಲ. ಆದರೂ ನನಗೆ ಆ ಎರಡು ಔನ್ಸಿನ ಮೇಲೆ ಕಣ್ಣು. ಗೊಬ್ಬರ ಬೇಕೇ ಬೇಕು, ಆದರೆ ಅದು ಉಪ್ಪಿನ ಲೆಕ್ಕದಲ್ಲಿ.

ನಾನು ಅನ್ನದ ಲೆಕ್ಕದಲ್ಲಿ ಹಾಕಿದೆ. ಸಾರಜನಕ ಹೆಚ್ಚಿರುವ ಗೊಬ್ಬರ ವಾರಕ್ಕೊಮ್ಮೆ. ಟೊಮೆಟೊ ಗಿಡ ಕಡು ಹಸಿರಾಗಿ, ಪೊದೆಯಾಗಿ, ನೋಡಿದವರ ದೃಷ್ಟಿ ತಾಗುವಂತೆ ಬೆಳೆಯಿತು. ಹೂವು ಮಾತ್ರ ಇಲ್ಲ. ಎಲೆಯ ಅಂಚು ಸುಟ್ಟಂತೆ ಕಂದಾಗತೊಡಗಿದ ಮೇಲೆ ಎಚ್ಚೆತ್ತು, ಕುಂಡಕ್ಕೆ ಧಾರಾಳ ನೀರು ಬಿಟ್ಟು ಉಪ್ಪಿನಂಶ ತೊಳೆದು, ಎರಡು ತಿಂಗಳು ಗೊಬ್ಬರ ಮುಟ್ಟಲಿಲ್ಲ.

ಈಗ ಅಡಿಗೆಮನೆಯ ಸಿಪ್ಪೆಯಿಂದ ನಾನೇ ಗೊಬ್ಬರ ಮಾಡುತ್ತೇನೆ. ಅದರಲ್ಲೂ ಗಾಳಿಯದ್ದೇ ಪಾಠ. ಮೊದಲ ಡಬ್ಬ ನಾರಿತು, ಏಕೆಂದರೆ ಬರೀ ಹಸಿ ಸಿಪ್ಪೆ ತುಂಬಿದ್ದೆ. ಒಂದು ಪಾಲು ಹಸಿಗೆ ಎರಡು ಮೂರು ಪಾಲು ತರಗೆಲೆ, ಹರಿದ ರಟ್ಟು ಸೇರಿಸಿ ವಾರಕ್ಕೊಮ್ಮೆ ತಿರುವಿ ಹಾಕಿದ ಮೇಲೆ ವಾಸನೆ ಹೋಯಿತು, ಮಳೆ ಬಿದ್ದ ನೆಲದ ಘಮ ಬಂತು. ಎಲ್ಲಿಂದಲೋ ಎರೆಹುಳುಗಳೂ ಬಂದು ಸೇರಿಕೊಂಡವು. ಚಾರ್ಲ್ಸ್ ಡಾರ್ವಿನ್ ಎರೆಹುಳುವಿನ ಬಗ್ಗೆ ಮೊದಲ ಪ್ರಬಂಧ ಓದಿದ್ದು 1837ರಲ್ಲಿ, ಪುಸ್ತಕ ಹೊರತಂದದ್ದು 1881ರಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ. ಅವನು ಹುಳುಗಳನ್ನು ಕುಂಡದಲ್ಲಿ ಸಾಕಿ ಅವಕ್ಕೆ ಕಿವಿ ಕೇಳುತ್ತದೋ ಎಂದು ಪಿಯಾನೋ ನುಡಿಸಿ ಪರೀಕ್ಷಿಸಿದ್ದ. ಪಕ್ಕದಲ್ಲಿ ಎಷ್ಟು ಜೋರಾಗಿ ಬಾರಿಸಿದರೂ ಹುಳುಗಳು ಕದಲಲಿಲ್ಲ. ಕುಂಡವನ್ನೇ ಪಿಯಾನೋ ಮೇಲಿಟ್ಟು ಒಂದು ಸ್ವರ ಒತ್ತಿದ ಕೂಡಲೇ ಬಿಲ ಸೇರಿದವು. ಕಿವಿ ಇಲ್ಲ, ಅದುರು ಗೊತ್ತಾಗುತ್ತದೆ. ನಲವತ್ತು ವರ್ಷ ಒಂದು ಹುಳುವನ್ನು ನೋಡಿದವನ ಮುಂದೆ, ಎಂಟು ದಿನಕ್ಕೇ ಕೊತ್ತಂಬರಿ ಕೆದಕಿದ ನಾನು.

ಹುಳು ಅಂದ ಮೇಲೆ ನಾನು ಮಾಡಿದ ಪಾಪವನ್ನೂ ಹೇಳಿಬಿಡಬೇಕು. ಮೆಣಸಿನ ಗಿಡದ ಕುಡಿಗೆ ಗಿಡಹೇನು ಬಿತ್ತು. ಎಲೆಯ ಅಡಿಯಲ್ಲಿ ಹಸಿರು ರವೆ ಚೆಲ್ಲಿದಂತೆ ನೂರಾರು. ಅವು ಹೆಚ್ಚುವ ಪರಿಯೇ ಭಯಂಕರ. ಗಂಡಿನ ಹಂಗಿಲ್ಲದೆ ಹೆಣ್ಣು ನೇರವಾಗಿ ಮರಿ ಹಾಕುತ್ತದೆ, ಆ ಮರಿ ಹುಟ್ಟುವಾಗಲೇ ಅದರ ಹೊಟ್ಟೆಯಲ್ಲಿ ಮುಂದಿನ ಮರಿ ಬೆಳೆಯುತ್ತಿರುತ್ತದೆ. ಇರುವೆಗಳು ಸಾಲುಗಟ್ಟಿ ಬಂದು ಅವುಗಳ ಮೈಯಿಂದ ಒಸರುವ ಸಿಹಿ ಅಂಟು ನೆಕ್ಕುತ್ತವೆ, ಪ್ರತಿಯಾಗಿ ಕಾವಲು ಕಾಯುತ್ತವೆ. ಒಂದು ಬೆಳಿಗ್ಗೆ ನೋಡಿದರೆ ಅವುಗಳ ನಡುವೆ ಇನ್ನೊಂದು ಹುಳು. ಕಪ್ಪು ಮೈ, ಮೇಲೆ ಕೇಸರಿ ಚುಕ್ಕೆ, ಬೆನ್ನ ತುಂಬ ಮುಳ್ಳು ಮುಳ್ಳು, ಪುಟ್ಟ ಮೊಸಳೆಯಂತೆ ಇತ್ತು. ಇದೇ ದೊಡ್ಡ ಕಳ್ಳ ಎಂದು ತೀರ್ಮಾನಿಸಿ, ಹುಡುಕಿ ಹುಡುಕಿ ಒಂಬತ್ತನ್ನು ಹೊಸಕಿ ಹಾಕಿದೆ. ವಾರದೊಳಗೆ ಗಿಡಹೇನು ದುಪ್ಪಟ್ಟಾಯಿತು.

ಆ ಮೊಸಳೆಗಳು ಗುಲಗಂಜಿ ಹುಳುವಿನ ಮರಿಗಳು. ಕೆಂಪು ಬೆನ್ನು, ಕರಿ ಚುಕ್ಕೆಯ ದೊಡ್ಡ ಹುಳುವನ್ನು ಕಂಡರೆ ಮಕ್ಕಳೂ ಮುದ್ದು ಮಾಡುತ್ತವೆ. ಅದರ ಮರಿ ಹೀಗೆ ವಿಕಾರವಾಗಿರುತ್ತದೆ, ಒಂದೊಂದೂ ಬೆಳೆಯುವಷ್ಟರಲ್ಲಿ ನೂರಾರು ಗಿಡಹೇನು ತಿಂದು ಮುಗಿಸುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಬಿಟ್ಟಿಯಾಗಿ ಬಂದ ಕೆಲಸಗಾರರನ್ನು ನಾನೇ ಕೊಂದಿದ್ದೆ. ಈಗ ಹೊಸ ಹುಳು ಕಂಡರೆ ಮೊದಲು ಫೋಟೊ ತೆಗೆದು, ಯಾವುದು ಎಂದು ಗೊತ್ತಾಗುವವರೆಗೆ ಕೈ ಹಿಂದೆ ಕಟ್ಟಿಕೊಳ್ಳುತ್ತೇನೆ. ಗಿಡಹೇನು ತೀರಾ ಹೆಚ್ಚಾದರೆ ನೀರಿನ ಧಾರೆ ರಭಸವಾಗಿ ಬಿಟ್ಟರೆ ಉದುರಿ ಬೀಳುತ್ತವೆ. ಅಷ್ಟಕ್ಕೂ ಬಗ್ಗದಿದ್ದರೆ ಸಂಜೆ ಹೊತ್ತು ಬೇವಿನೆಣ್ಣೆಯನ್ನು ಎರಡು ಹನಿ ಸೋಪು ಸೇರಿಸಿದ ನೀರಲ್ಲಿ ಕದಡಿ ಎಲೆಯ ಅಡಿಗೆ ಸಿಂಪಡಿಸುತ್ತೇನೆ. ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ, ಹಗಲಲ್ಲಿ ಸಿಂಪಡಿಸಿದರೆ ಜೇನುನೊಣಕ್ಕೂ ತಾಗುತ್ತದೆ.

ಗೊಬ್ಬರ ನಿಲ್ಲಿಸಿದ ಮೇಲೆ ಟೊಮೆಟೊ ಹೂ ಬಿಟ್ಟಿತು. ಬಿಟ್ಟ ಹೂವೆಲ್ಲ ತೊಟ್ಟಿನ ಸಮೇತ ಉದುರಿದವು. ಬೇಸಿಗೆ ಕಡುವಾಗಿತ್ತು. ಹಗಲು 35 ಡಿಗ್ರಿ ದಾಟಿ ರಾತ್ರಿಯೂ 24ಕ್ಕಿಂತ ಕೆಳಗಿಳಿಯದ ದಿನಗಳಲ್ಲಿ ಟೊಮೆಟೊ ಪರಾಗ ಕೆಡುತ್ತದೆ, ಕಾಯಿ ಕಟ್ಟುವುದು ಕಷ್ಟ. ಅದಕ್ಕೆ ಕಾಯುವುದೊಂದೇ ಮದ್ದು. ಹವೆ ತಂಪಾದ ಮೇಲೆ ಇನ್ನೊಂದು ಸಂಗತಿ ಗಮನಿಸಿದೆ. ಟೊಮೆಟೊ ಹೂವಿನ ಪರಾಗ ಒಂದು ಕೊಳವೆಯೊಳಗೆ ಇರುತ್ತದೆ, ಉಪ್ಪಿನ ಡಬ್ಬಿ ಅಲುಗಿಸಿದ ಹಾಗೆ ಅಲುಗಿಸಿದರೆ ಉದುರುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಬರುವುದಿಲ್ಲ, ದುಂಬಿಗೆ ಬರುತ್ತದೆ. ಹೂವನ್ನು ತಬ್ಬಿ ಹಿಡಿದು ರೆಕ್ಕೆ ಆಡಿಸದೆ ಮೈಯನ್ನಷ್ಟೇ ಝುಂಯ್ ಎಂದು ನಡುಗಿಸುತ್ತದೆ. ನಾನಿರುವ ಮಹಡಿಗೆ ದುಂಬಿ ಅಪರೂಪ. ಬೆಳಿಗ್ಗೆ ಹತ್ತರ ಹೊತ್ತಿಗೆ ಹೂಗೊಂಚಲಿನ ತೊಟ್ಟಿಗೆ ಬೆರಳಿಂದ ನಾಲ್ಕು ಸಲ ಹಗುರವಾಗಿ ಮೀಟುತ್ತೇನೆ. ನೋಡಿದವರು ನಕ್ಕರೆ ನಗಲಿ.

ಮೊದಲ ಹೀಚು ಗೋಲಿಯಷ್ಟಾಯಿತು, ನಿಂಬೆಯಷ್ಟಾಯಿತು, ಬಣ್ಣ ತಿರುಗತೊಡಗಿತು. ಬಗ್ಗಿ ಅಡಿ ನೋಡಿದರೆ ಕಾಸಿನಗಲ ಕಪ್ಪು, ಚರ್ಮದಂತೆ ಒಣಗಿ ಒಳಕ್ಕೆ ಕುಸಿದಿದೆ. ರೋಗವಿರಬೇಕು ಎಂದು ಹೆದರಿದೆ. ಅದು ರೋಗವಲ್ಲ, ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದೆ ಹೋದ ಗುರುತು. ಮೊಟ್ಟೆಯ ಚಿಪ್ಪು ಪುಡಿ ಮಾಡಿ ಹಾಕಿ ಅಂದರು. ಚಿಪ್ಪು ಕರಗಿ ಬೇರಿಗೆ ಸಿಗಲು ತಿಂಗಳುಗಟ್ಟಲೆ ಬೇಕು, ಮೇಲಾಗಿ ನನ್ನ ಮಣ್ಣಲ್ಲಿ ಕ್ಯಾಲ್ಸಿಯಂಗೆ ಬರ ಇರಲಿಲ್ಲ. ಅದು ಗಿಡದೊಳಗೆ ನೀರಿನ ಜೊತೆಯೇ ಸಾಗುವಂಥದ್ದು. ಎಲೆಗಳು ಬಿಸಿಲಿಗೆ ನೀರನ್ನು ಆವಿ ಮಾಡುತ್ತ ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ, ಕಾಯಿ ಅಷ್ಟು ಎಳೆಯಲಾರದು. ನೀರು ಒಂದು ದಿನ ಹೊಳೆ, ಇನ್ನೆರಡು ದಿನ ಬರ ಎಂಬಂತಾದರೆ ಕಾಯಿಯ ಪಾಲಿಗೆ ಏನೂ ಬರುವುದಿಲ್ಲ. ಅತಿನೀರಿನ ಭಯದಲ್ಲಿ ನಾನು ಈಗ ಇನ್ನೊಂದು ಕಡೆಗೆ ವಾಲಿದ್ದೆ. ಮೂರು ದಿನ ಮರೆತು, ನಾಲ್ಕನೇ ದಿನ ಕೊಡ ಸುರಿಯುತ್ತಿದ್ದೆ. ಮಣ್ಣಿನ ಮೇಲೆ ಎರಡಂಗುಲ ತರಗೆಲೆ ಹೊದಿಸಿ, ಬೆರಳಿನ ಮಾತು ದಿನಾ ಕೇಳತೊಡಗಿದ ಮೇಲೆ ಮೂರನೇ ಗೊಂಚಲಿನ ಹಣ್ಣುಗಳು ಅಡಿಯಲ್ಲೂ ಕೆಂಪಾಗಿ ಬಂದವು. ಒಟ್ಟು ಹನ್ನೊಂದು. ಮೊದಲನೆಯದನ್ನು ನಿಂತಲ್ಲೇ ಅಂಗಿಗೆ ಒರೆಸಿ ಕಚ್ಚಿದೆ, ಬಿಸಿಲಿಗೆ ಬೆಚ್ಚಗಿತ್ತು.

ಮೊದಲ ವರ್ಷ ಟೊಮೆಟೊ ಬೇಡ, ಸುಲಭದ ಗಿಡ ಹಾಕಿ ಎನ್ನುವವರಿದ್ದಾರೆ. ಹೊಸಬರಿಗೆ ಪುದೀನದ ಕಡ್ಡಿಯಂಥ ಸುಲಭ ಇನ್ನೊಂದಿಲ್ಲ ಅನ್ನುವುದು ನಿಜ. ಲೋಟದ ನೀರಲ್ಲಿಟ್ಟರೆ ಎರಡು ವಾರದೊಳಗೆ ಬೇರು ಬಿಡುತ್ತದೆ, ಪ್ರತ್ಯೇಕ ಕುಂಡ ಕೊಡದಿದ್ದರೆ ಪಕ್ಕದವರ ಜಾಗವನ್ನೂ ಒತ್ತುವರಿ ಮಾಡುತ್ತದೆ. ಆದರೆ ತಿನ್ನಬೇಕು ಅನ್ನಿಸುವ ಒಂದು ಗಿಡವಾದರೂ ಇರಲಿ, ಎರಡು ಸುಲಭದವು ಇರಲಿ, ಒಟ್ಟು ನಾಲ್ಕು ಕುಂಡ ಮೀರದಿರಲಿ ಅನ್ನುವುದು ನನ್ನ ಲೆಕ್ಕ. ಹದಿನಾರು ಕುಂಡಕ್ಕೆ ದಿನಾ ಬೆರಳಿಡಲು ಪುರುಸೊತ್ತು ಯಾರಿಗಿದೆ?

ಮೊನ್ನೆ ಮಧ್ಯಾಹ್ನ ಎರಡು ಗಂಟೆಗೆ ಟೊಮೆಟೊ ಎಲೆಗಳೆಲ್ಲ ಮೊದಲ ಗಿಡದ ಹಾಗೆಯೇ ಜೋತುಬಿದ್ದಿದ್ದವು. ಕೈ ತಾನಾಗಿ ಚೊಂಬಿನ ಕಡೆ ಹೋಯಿತು. ಬೆರಳಿಟ್ಟೆ, ಒದ್ದೆ. ಬಿಸಿಲು ಎಳೆಯುವ ವೇಗಕ್ಕೆ ಬೇರು ಒದಗಿಸುವ ವೇಗ ಸಾಲದಾದರೆ ಹೊತ್ತೇರಿದಾಗ ಹೀಗೆ ಬಾಡುವುದುಂಟು. ಚೊಂಬನ್ನು ಅಲ್ಲೇ ಇಟ್ಟು ಒಳಗೆ ಬಂದೆ. ಆರೂವರೆಗೆ ಹೋಗಿ ನೋಡಿದರೆ ಎಲೆಗಳು ಎದ್ದು ನಿಂತಿದ್ದವು. ಪಕ್ಕದ ಪುದೀನದ ಕುಂಡದಲ್ಲಿ, ನಾನು ಬಿತ್ತದ ಒಂದು ಸಸಿ ಎರಡು ಎಲೆ ಬಿಚ್ಚಿತ್ತು. ಸಿಪ್ಪೆಗೊಬ್ಬರದ ಜೊತೆ ಬಂದ ಟೊಮೆಟೊ ಬೀಜವಿರಬೇಕು. ಪುದೀನ ಅದನ್ನು ಬಾಳಲು ಬಿಡುತ್ತದೋ ಇಲ್ಲವೋ. ಬೇರೆ ಕಡೆಗೆ ಬದಲಿಸಬೇಕು, ಇನ್ನೆರಡು ಎಲೆ ಬರಲಿ.